ಬಾಣಂತಿ

ಹೆಸರು ಯೊನಾಸ್ ಬೆರಾಂತಿ ಅಂತ.
ಬೀದರದ ನಮ್ಮ ಓಣಿ ನಾಲಿಗಿಗೆ ಅದು ಹತ್ತಲಿಲ್ಲ.
ಮೊದಲನೇ ವಾರ ಬ್ಯಾರಂತಿ, ಎರಡನೇ ವಾರಕ್ಕ ಬಾಣಂತಿ.
ಆರಡಿ ಗಂಡಸು, ದನದ ಡಾಕ್ಟರಕಿ ಓದಲಿಕ್ಕೆ ಬಂದವ,
"ಬಾಣಂತೀ, ನಳಾ ಬಂದದ" ಅಂದ್ರ
ಮ್ಯಾಲಿನ ಖೋಲಿಯಿಂದ ಕೊಡ ಹಿಡ್ಕೊಂಡು ಇಳೀತಿದ್ದ.
ಅರ್ಥ ತಿಳಿದ ದಿನ ಅವ್ವನ ಮುಂದ ಕುಂತು ನಕ್ಕ:
"ನನ್ನ ದೇಶ ಇನ್ನಾ ಹೊಟ್ಟ್ಯಾಗ ಅದ, ಆಯಿ.
ಹೆತ್ತ ಮ್ಯಾಲ ಕರೀರಿ."

ಹೆತ್ತ.
ಏಳು ವರ್ಷ ಅಡವಿ, ನಾಕು ವರ್ಷ ಜೇಲು,
ಒಂದು ರಾತ್ರಿ ಟಿವಿಯೊಳಗ ಹಳೇ ಬಾವುಟ ಇಳೀತು.
ಹೊಸದು ಹಗ್ಗಕ್ಕ ಸಿಕ್ಕೊಂಡು ಅರ್ಧಕ್ಕ ನಿಂತಿತ್ತು,
ಇವ ತಾನೇ ಕಂಬ ಹತ್ತಿ ಬಿಡಿಸಿದ.
ಕೆಸೋರಾ ಅಂತ ಭೂಪಟದಾಗ ಒಂದು ಹಸಿ ಕೂಸು.
ಅವ್ವ ಓಣಿಗೆಲ್ಲ ಬೆಲ್ಲ ಹಂಚಿದಳು,
"ಅಳವಿ ಉಂಡಿ ಕಳಸಬೇಕಿತ್ತು ಅವನಿಗೆ" ಅಂದಳು.

ಎರಡು ವರ್ಷಕ್ಕ ನಮ್ಮ ಕಾರಖಾನಿಗೆ ಪತ್ರ.
ಉಸ್ತಾದ ಖಲಂದರಸಾಬರು ಕೇಳಿದರು, ನಾ ಓದಿದೆ:
ಅಧ್ಯಕ್ಷರ ಕುರ್ಚಿ ಹಿಂದ ತೂಗಹಾಕಲಿಕ್ಕೆ ಒಂದು ಬಿದರಿ ತಾಟು,
ನಡುವ ದೇಶದ ನಕಾಶ, ಬೆಳ್ಳಿ ತಂತೀಲೆ.
ಕಪ್ಪು ಮಾಡೂದು ಮಾತ್ರ ನಿಮ್ಮ ಕೋಟಿ ಮಣ್ಣಿಂದ ಬ್ಯಾಡ,
ನಮ್ಮ ನೆಲದ್ದು ಕಳಿಸೀವಿ.
ಮೊಹರು ಒತ್ತಿದ ಡಬ್ಬಿ, ನಾಕು ಕಿಲೋ.

ನಕಾಶದಾಗ ಬಡಗಣ ಗುಡ್ಡ ಇಲ್ಲ.
ಹೊಳಿ ನಡು ಬಯಲಾಗ ಹುಟ್ಟಿ ಸಮುದ್ರಕ್ಕ ಹೋಗ್ತದ.
"ಮ್ಯಾಲಿನ ಅರ್ಧ ಎಲ್ಲಿ?" ಅಂತ ಬರದು ಕೇಳಿದೆ.
"ಕೊಟ್ಟಷ್ಟೇ ಕೆತ್ತಿರಿ."
ಗುಡ್ಡದ ತೇರೂ ಮಂದಿದು ಬ್ಯಾರೆ ಮಾತಂತ.
ಆ ಮಾತಿನ ಸಾಲಿಗೆ ಬೀಗ, ಸಂತ್ಯಾಗ ಆಡಿದ್ರ ದಂಡ,
ಆಮ್ಯಾಲ ಲಾರಿ.
ಊರಿನ ಮಂದಿ ಅವನಿಗೆ ದೇವರಂತಾರ.
ಲಾರ‍್ಯಾಗಿನವ್ರು ಏನಂತಾರೋ, ನನಗ ತಿಳಿಯೂದಿಲ್ಲ.
ನಮ್ಮಲ್ಲಿದ್ದಾಗ ಇವ
ಹಾಲಿನವನ ಕೂಡ ಕನ್ನಡ, ಚಹಾದಂಗಡ್ಯಾಗ ದಖ್ಖನಿ,
ಭಾಂಡಿ ಮಾರೋ ಮುದುಕಿ ಕೂಡ ಮರಾಠಿ,
ಮೂರೂ ತಪ್ಪುತಪ್ಪೇ ಆಡ್ತಿದ್ದ.
ಒಮ್ಮೆಯೂ ದಂಡ ಕಟ್ಟಿಲ್ಲ.

ಉಸ್ತಾದರು ಡಬ್ಬಿ ಒಡದು
ಚಿಟಿಕಿ ಮಣ್ಣು ನಾಲಿಗಿ ಮ್ಯಾಲ ಇಟ್ಟರು.
ಉಗುಳಲಿಲ್ಲ, ನುಂಗಲಿಲ್ಲ, ಬಾಳ ಹೊತ್ತು ಕುಂತರು.
"ಛಲೋ ಮಣ್ಣು. ಬೆಳಿ ಬರ‍್ತದ.
ಕಪ್ಪು ಬರೂದಿಲ್ಲ.
ನಮ್ಮದು ಬಿಸಲು ಮಳಿ ಕಾಣದಂಗ ಐನೂರು ವರ್ಷ
ಕೋಟಿ ಗ್ವಾಡಿ ಒಳಗ ಸುಮ್ಮನ ಕುಂತದ.
ಇದು ನಿನ್ನೀದು, ಬೇಟಿ. ಇನ್ನಾ ಮಾತಾಡ್ಲಿಕತ್ತದ."
ಆದ್ರೂ ನವಸಾಗರ ಕೂಡಿಸಿ ತಿಕ್ಕಿದ್ವಿ, ಮೂರು ಸಲ.
ತಾಟು ಬೂದಿ ಬಣ್ಣಕ್ಕ ಬಂದು ಅಲ್ಲೇ ನಿಂತಿತು,
ಬೆಳ್ಳಿ ಹೊಳಿ ಕಾಣಲೇ ಇಲ್ಲ.

ನಾಕನೇ ದಿನ ಬಾಗಲಾ ಮುಂದಕ್ಕ ಮಾಡಿ
ಕೋಟಿ ಮಣ್ಣು ಹಚ್ಚಿದರು.
ಒಂದೇ ತಿಕ್ಕಿಗೆ ಅಮಾಸಿ.
ಉಳಿದ ಡಬ್ಬಿ ಮಣ್ಣಿನ್ಯಾಗ ನಾ ಪುದೀನ ಹಚ್ಚೀನಿ,
ಹುಲುಸಾಗಿ ಬಂದದ.

ಸುದ್ದ್ಯಾಗ ಅವ ತಾಟಿನ ಮುಂದ ನಿಂತು ಅಂದ:
"ಈ ಕಪ್ಪು ನಮ್ಮ ನೆಲದ್ದು."
ಚಪ್ಪಾಳಿ. ನನಗ ನಗು ಬಂತು, ಅವ್ವಗ ಬರಲಿಲ್ಲ.
"ಬಾಣಂತಿಗೆ ಸನ್ನಿ ಆಗ್ಯದ," ಅಂದಳು,
"ಕೂಸು ಅವನ ಮಗ್ಗಲಾಗ ಬಿಡಬಾರದು."

ಮಾಣಿಕಬಾಯಿ ಎಮ್ಮಿಗೆ ಕರ ಅಡ್ಡಾದ ರಾತ್ರಿ
ಇದೇ ಬಾಣಂತಿ ಹೆಗಲತನ ಕೈ ಹಾಕಿ ತಿರುವಿದ್ದ.
ಬೆಳಕು ಹರಿಯೂತನ ಎಮ್ಮಿ ಕಿವ್ಯಾಗ ಒಂದೇ ಸಮ
"ಲೋ ಇನಾ, ಲೋ ಇನಾ" ಅಂತಿದ್ದ.
ಏನದು ಅಂದ್ರ, ನಮ್ಮವ್ವ ಅಂತಿದ್ದಳು, ಅಂದ.
ಮೊನ್ನೆ ಲಾರಿ ಮ್ಯಾಲ ಒಬ್ಬ ತೇರೂ ಹೆಂಗಸು
ಅಳೋ ಕೂಸಿಗೆ ಅದೇ ಅಂದಳು.
ಅವ್ವ ತಟ್ಟನ ಎದ್ದು ಟಿವಿ ಹತ್ರ ಹೋದಳು.
ಅಷ್ಟ್ರಾಗ ಕ್ರಿಕೆಟ್ಟು ಬಂತು.

ಆ ಕರದ ಮೊಮ್ಮಗಳು ಈಗ ನಮ್ಮ ಓಣಿಗೆ ಹಾಲು ಕೊಡ್ತದ.
ಹೊಳಿ ಮ್ಯಾಲಿನ ಅರ್ಧಕ್ಕ ಅಂತ ನಾ ಎಳದಿಟ್ಟಿದ್ದ ತಂತಿ
ಡಬ್ಬ್ಯಾಗ ಹಂಗೇ ಅದ.
ನಾಕು ಬೆರಳು ಉದ್ದ.